ಕೆಮ್ಮಣ್ಣುಗುಂಡಿಯ ಕಾಡುದಾರಿ

ಬಾಬಾಬುಡನ್ ಗಿರಿಶ್ರೇಣಿಯ ಉತ್ತರದ ಅಂಚಿನಲ್ಲಿ, ಸಮುದ್ರಮಟ್ಟಕ್ಕೆ ಸುಮಾರು 4,700 ಅಡಿ ಎತ್ತರದಲ್ಲಿರುವ ಕೆಮ್ಮಣ್ಣುಗುಂಡಿಯು ಇಂದು ವಿಹಾರಸ್ಥಾನವೆಂದು ಪ್ರಸಿದ್ಧವಾಗಿದೆ. ನಾಲ್ವಡಿ ಕೃಷ್ಣರಾಜ ಒಡೆಯರವರ ಬೇಸಗೆಯ ಬಿಡಾರವಾಗಿದ್ದುದರಿಂದ ಇದಕ್ಕೆ ಶ್ರೀ ಕೃಷ್ಣರಾಜೇಂದ್ರ ಗಿರಿಧಾಮವೆಂಬ ಹೆಸರೂ ಬಂದಿದೆ. ಆದರೆ ಜನರ ನಾಲಗೆಯಲ್ಲಿ ನಿಂತಿರುವುದು ಹಳೆಯ ಹೆಸರೇ. ಆ ಹೆಸರಿನಲ್ಲಿ ವಿಹಾರದ ಸುಳಿವಿಲ್ಲ, ಗುದ್ದಲಿಯ ಸುಳಿವಿದೆ. ಕೆಂಪು ಮಣ್ಣಿನ ಗುಂಡಿಯೆಂದರೆ ಅದಿರಿಗಾಗಿ ಅಗೆದ ನೆಲ. ಹೂದೋಟವನ್ನೂ ಜಲಪಾತವನ್ನೂ ನೋಡಿ ಹಿಂದಿರುಗುವ ಯಾತ್ರಿಕನು ಈ ಒಂದು ಹೆಸರನ್ನು ಬಿಡಿಸಿ ನೋಡಿದರೂ ಸಾಕು, ಅವನು ತುಳಿದ ದಾರಿಯು ಉದ್ಯಾನದ ದಾರಿಯಲ್ಲ, ಒಂದು ದೊಡ್ಡ ಉದ್ಯಮದ ದಾರಿಯೆಂಬುದು ತಿಳಿಯುವುದು.

ಮಂಡ್ಯ ಜಿಲ್ಲೆಯ ಬಯಲುಸೀಮೆಗೆ ಈ ಬೆಟ್ಟವು ಅಷ್ಟೇನೂ ದೂರವಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದ ಕಡೆಯಿಂದ ಹೊರಟವರು ಶ್ರವಣಬೆಳಗೊಳ, ಚನ್ನರಾಯಪಟ್ಟಣ, ಅರಸೀಕೆರೆ, ಕಡೂರು, ಬೀರೂರುಗಳನ್ನು ಹಾದು ಲಿಂಗದಹಳ್ಳಿಯ ಮೇಲೆ ಘಟ್ಟವನ್ನೇರಬಹುದು. ರಾಗಿಯ ಹೊಲವೂ ತೆಂಗಿನ ತೋಟವೂ ಹಿಂದಾಗಿ, ಲಿಂಗದಹಳ್ಳಿಯನ್ನು ದಾಟಿದೊಡನೆ ನೆಲದ ಬಣ್ಣವೂ ಗಾಳಿಯ ಗುಣವೂ ಬದಲಾಗುತ್ತವೆ. ಬೆಟ್ಟದ ಬುಡದಲ್ಲಿ ಕಲ್ಹತ್ತಿಗಿರಿಯ ಜಲಪಾತವಿದೆ. ಬಂಡೆಯ ಸೆರಗಿನಲ್ಲಿ ವೀರಭದ್ರನ ಗುಡಿಯಿದ್ದು, ನೀರು ದೇವರ ಸನ್ನಿಧಿಯಲ್ಲಿಯೇ ಬೀಳುತ್ತದೆ. ಅಲ್ಲಿಂದ ಮೇಲಕ್ಕೆ ಸುತ್ತಿ ಸುತ್ತಿ ಹೋಗುವ ರಸ್ತೆಯ ಎರಡು ಪಕ್ಕಗಳಲ್ಲಿ ಕಾಣುವ ಕಾಡು ದಟ್ಟವಾದುದು. ಇದನ್ನು ನೋಡಿದವರು ಅನಾದಿಕಾಲದಿಂದಲೂ ಕೊಡಲಿಯನ್ನೇ ಕಾಣದ ಅರಣ್ಯವೆಂದು ಭಾವಿಸುವುದು ಸಹಜ. ಆ ಭಾವನೆಯು ಸರಿಯಲ್ಲ. ಭದ್ರಾ ಕಣಿವೆಯ ಕಾಡಿನಷ್ಟು ಕಬ್ಬಿಣಕ್ಕಾಗಿ ಉರಿದ ಕಾಡು ಹಳೆಯ ಮೈಸೂರು ಸಂಸ್ಥಾನದಲ್ಲಿ ಮತ್ತೊಂದಿಲ್ಲ.

ಕಬ್ಬಿಣಕ್ಕೂ ಕಾಡಿಗೂ ಇರುವ ಸಂಬಂಧವು ಈ ನಾಡಿನಲ್ಲಿ ಹೊಸದಾಗಿರಲಿಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಹಳ್ಳಿಗಳ ಕಬ್ಬಿಣದ ಕುಲುಮೆಗಳನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಹಳ್ಳದ ಕರಿಮರಳನ್ನೋ ಬೆಟ್ಟದ ಅದಿರನ್ನೋ ತಂದು, ಮಣ್ಣಿನ ಕುಲುಮೆಯಲ್ಲಿ ಇದ್ದಲಿನೊಡನೆ ತುಂಬಿ, ಚರ್ಮದ ತಿದಿಗಳಿಂದ ಊದಿ ಕಬ್ಬಿಣವನ್ನು ತೆಗೆಯುತ್ತಿದ್ದರು. ನೇಗಿಲ ಗುಳ, ಕುಡುಗೋಲು, ಬಂಡಿಯ ಪಟ್ಟಿ ಇವುಗಳಿಗೆ ಬೇಕಾದಷ್ಟು ಲೋಹವು ಅದರಿಂದ ದೊರಕುತ್ತಿತ್ತು. ಒಂದು ಕುಲುಮೆಯು ಸುಡುತ್ತಿದ್ದುದು ಅಲ್ಪವಾದುದರಿಂದ ಕಡಿದ ಕಾಡು ಕೆಲವು ವರ್ಷಗಳಲ್ಲಿ ಮರಳಿ ಚಿಗುರುತ್ತಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸಮತೂಕವು ತಪ್ಪತೊಡಗಿತು. ಘಟ್ಟದ ಇಳಿಜಾರುಗಳಲ್ಲಿ ಕಾಫಿಯ ತೋಟಗಳು ಹಬ್ಬಿದುವು. ರೈಲುದಾರಿಗಳಿಗೆ ಅಡ್ಡದಿಮ್ಮಿಗಳೂ ಉಗಿಯಂತ್ರಗಳಿಗೆ ಸೌದೆಯೂ ಬೇಕಾದುವು. ಮೈಸೂರಿನಲ್ಲಿ ಅರಣ್ಯ ಇಲಾಖೆಯು 1864ರಲ್ಲಿ ಏರ್ಪಟ್ಟಿತು. ಬೀರೂರಿನಿಂದ ಶಿವಮೊಗ್ಗೆಗೆ ರೈಲು 1899ರಲ್ಲಿ ಬಂದಿತು. ತೇಗ, ಬೀಟೆ, ಹೊನ್ನೆ, ಮತ್ತಿ ಮುಂತಾದ ಮರಗಳಿಗೆ ಬೆಲೆ ಕಟ್ಟುವ ಕ್ರಮವು ಇದರಿಂದ ಬಲವಾಯಿತು. ಆದರೂ ಬೆಲೆಯಿದ್ದುದು ನೆಟ್ಟಗಿರುವ ದಿಮ್ಮಿಗೆ ಮಾತ್ರ. ವಕ್ರವಾದ ಮರ, ಕೊಂಬೆ, ಕುರುಚಲು ಇವುಗಳನ್ನು ಕೇಳುವವರಿರಲಿಲ್ಲ. ಮಲೆನಾಡಿನ ಒಳಗಿನ ಕಾಡಿಗೆ ಇದೇ ಒಂದು ರಕ್ಷೆಯಾಗಿತ್ತು.

ಈ ರಕ್ಷೆಯನ್ನು ತೆಗೆದುಹಾಕಿದುದು ಬೆಂಕಿಪುರದ ಕಾರ್ಖಾನೆ. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಸಂಸ್ಥಾನದಲ್ಲಿ ಕಬ್ಬಿಣದ ಕೈಗಾರಿಕೆಯನ್ನು ಸ್ಥಾಪಿಸಬೇಕೆಂದು ಸಂಕಲ್ಪಿಸಿದರು. ಅದಿರಿಗೆ ಕೊರತೆಯಿರಲಿಲ್ಲ, ಬಾಬಾಬುಡನ್ ಗಿರಿಯ ನೆತ್ತಿಯೇ ಅದಿರು. ಕೊರತೆಯಿದ್ದುದು ಉರುವಲಿಗೆ. ಮೈಸೂರಿನ ನೆಲದಲ್ಲಿ ಕಲ್ಲಿದ್ದಲಿಲ್ಲ. ಬಂಗಾಳ ಬಿಹಾರಗಳಿಂದ ಅದನ್ನು ತರಿಸಿದರೆ ಸಾಗಣೆಯ ವೆಚ್ಚವೇ ಲಾಭವನ್ನು ನುಂಗಿಬಿಡುವುದು. ಜಮ್‌ಷೆಡ್‌ಪುರದ ಟಾಟಾ ಕಾರ್ಖಾನೆಗೆ ಸಲಹೆಗಾರನಾಗಿದ್ದ ಅಮೆರಿಕದ ತಜ್ಞ ಸಿ. ಪಿ. ಪೆರಿನ್ ಎಂಬಾತನ ಆಲೋಚನೆಯನ್ನು ಪಡೆದು, ಕಲ್ಲಿದ್ದಲಿಗೆ ಬದಲಾಗಿ ಮರದ ಇದ್ದಲಿನಿಂದಲೇ ಅದಿರನ್ನು ಕರಗಿಸುವುದೆಂದು ನಿಶ್ಚಯವಾಯಿತು. ಭದ್ರಾನದಿಯ ದಡದ ಬೆಂಕಿಪುರವು ಭದ್ರಾವತಿಯೆಂದು ಹೆಸರು ಬದಲಿಸಿಕೊಂಡಿತು. ಆದರೆ ಹಳೆಯ ಹೆಸರು ಸಾರ್ಥಕವಾದುದು ಆಮೇಲೆಯೇ. 1923ರ ಜನವರಿಯಲ್ಲಿ ಊದುಕುಲುಮೆಯು ಕೆಲಸವನ್ನಾರಂಭಿಸಿತು. ಕಾರ್ಖಾನೆಯ ಮೊದಲ ಹೆಸರಿನಲ್ಲಿ ಮರಕ್ಕೇ ಅಗ್ರಸ್ಥಾನ: ಮೈಸೂರು ಮರದ ಬಟ್ಟಿಯ ಮತ್ತು ಕಬ್ಬಿಣದ ಕಾರ್ಖಾನೆ.

ಇಲ್ಲಿ ಮರದ ಬಟ್ಟಿಯೆಂಬುದರ ಅರ್ಥವನ್ನು ವಿವರಿಸುವುದು ಅವಶ್ಯ. ಮರವನ್ನು ಬಯಲಿನಲ್ಲಿ ಸುಟ್ಟರೆ ಬೂದಿಯಾಗುತ್ತದೆ. ಗಾಳಿಯಾಡದ ಕಬ್ಬಿಣದ ಪಾತ್ರೆಯಲ್ಲಿ ಮುಚ್ಚಿ ಕಾಯಿಸಿದರೆ ಇದ್ದಲು ಉಳಿಯುತ್ತದೆ. ಮೇಲೆ ಬಂದ ಹೊಗೆಯನ್ನು ತಣಿಸಿದರೆ ಮರದ ಮದ್ಯಸಾರ, ಹುಳಿ, ಕೀಲುಗಳು ದೊರಕುತ್ತವೆ. ಹಳ್ಳಿಯ ಇದ್ದಲು ಗೂಡಿನಲ್ಲಿ ಆಕಾಶಕ್ಕೆ ಹೋಗುತ್ತಿದ್ದ ಹೊಗೆಯನ್ನು ಹಣವನ್ನಾಗಿ ಮಾಡುವುದು ಈ ಯಂತ್ರದ ಗುರಿ. ಇದ್ದಲಿನಲ್ಲಿ ಗಂಧಕದ ಅಂಶವಿಲ್ಲದಿರುವುದರಿಂದ ಅದರಿಂದ ತೆಗೆದ ಕಬ್ಬಿಣವು ಶುದ್ಧವಾಗಿರುವುದೆಂಬುದೂ ಒಂದು ಅನುಕೂಲ. ಇಂಗ್ಲೆಂಡು 1709ರಲ್ಲಿಯೇ ಏಬ್ರಹಾಂ ಡಾರ್ಬಿಯ ಕುಲುಮೆಯಲ್ಲಿ ಕಲ್ಲಿದ್ದಲಿನ ಕೋಕಿಗೆ ತಿರುಗಿ ತನ್ನ ಕಾಡುಗಳ ಮೇಲಿನ ಹೊರೆಯನ್ನು ಇಳಿಸಿಕೊಂಡಿತು. ಕಲ್ಲಿದ್ದಲಿಲ್ಲದೆ ಕಾಡು ಮಾತ್ರ ಸಮೃದ್ಧವಾಗಿದ್ದ ಸ್ವೀಡನ್ ದೇಶವು ಬಹುಕಾಲ ಇದ್ದಲನ್ನೇ ನಂಬಿ, ಉತ್ತಮವಾದ ಕಬ್ಬಿಣಕ್ಕೆ ಹೆಸರಾಯಿತು. ಮೈಸೂರು ಹಿಡಿದುದು ಸ್ವೀಡನ್ನಿನ ಹಾದಿ.

ಇದಕ್ಕೆ ತೆತ್ತ ಬೆಲೆಯನ್ನು ಸರಳವಾದ ಲೆಕ್ಕದಿಂದ ಊಹಿಸಬಹುದು. ಕುಲುಮೆಯ ಶಕ್ತಿಯು ದಿನಕ್ಕೆ ಸುಮಾರು 60 ಟನ್ನು ಕಬ್ಬಿಣ. ಒಂದು ಟನ್ನು ಕಬ್ಬಿಣಕ್ಕೆ ಹೆಚ್ಚು ಕಡಿಮೆ ಒಂದು ಟನ್ನು ಇದ್ದಲು. ಒಂದು ಟನ್ನು ಇದ್ದಲಿಗೆ ನಾಲ್ಕು ಟನ್ನು ಸೌದೆ. ಎಂದರೆ ದಿನವೊಂದಕ್ಕೆ 240 ಟನ್ನು ಮರ. ಅರ್ಧ ಟನ್ನು ಹೊರುವ ಎತ್ತಿನ ಬಂಡಿಗಳಲ್ಲಿ ಇದನ್ನು ತರುವುದಾದರೆ ದಿನಕ್ಕೆ 480 ಬಂಡಿಗಳು ಬೇಕು. ಕುಲುಮೆಯು ವರ್ಷಪೂರ್ತಿ ಪೂರ್ಣಶಕ್ತಿಯಿಂದ ಉರಿದರೆ 87,000 ಟನ್ನಿಗೂ ಮೀರಿದ ಸೌದೆ. ಊದುಕುಲುಮೆಯು ಸಂಸಾರದ ಒಲೆಯಂತೆ ಹೊತ್ತಿಗೆ ಹಚ್ಚಿ ಹೊತ್ತಿಗೆ ಆರಿಸುವಂಥದಲ್ಲ. ಒಮ್ಮೆ ಹೊತ್ತಿದರೆ ಹಗಲಿರುಳೂ ಉರಿಯಲೇಬೇಕು. ಹಿಂದೆ ಯಾರೂ ಕೇಳದಿದ್ದ ವಕ್ರವಾದ ಮರಕ್ಕೂ ಕೊಂಬೆಗೂ ಈಗ ಗಿರಾಕಿ ಸಿಕ್ಕಿತು. ತೇಗಬೀಟೆಗಳ ಬೆಲೆ ಬೇರೆ. ಇದ್ದಲಿಗೆ ಯಾವ ಮರವಾದರೂ ಮರವೇ.

ಅದಿರು ಬೆಟ್ಟದ ಮೇಲೆ, ನೀರು ನದಿಯಲ್ಲಿ, ಮರ ಇವೆರಡರ ನಡುವೆ. ಈ ಮೂರನ್ನೂ ಕೂಡಿಸಲು ಕಾಡಿನೊಳಗೆ ಕಿರಿದಾದ ಟ್ರಾಮ್ ದಾರಿಗಳು ಹರಿದುವು. ಕೆಮ್ಮಣ್ಣುಗುಂಡಿಯಲ್ಲಿ ಅಗೆದ ಅದಿರು ತಂತಿಹಗ್ಗದಲ್ಲಿ ತೂಗುವ ತೊಟ್ಟಿಗಳಲ್ಲಿ ಕುಳಿತು ಬೆಟ್ಟವನ್ನಿಳಿದು ತಣಿಗೆಬೈಲನ್ನು ಸೇರುತ್ತಿತ್ತು. ಅಲ್ಲಿಂದ ಕಿರುರೈಲಿನಲ್ಲಿ ಭದ್ರಾವತಿಗೆ. ಸೌದೆಯ ದಾರಿಗಳು ಕಡಿತದ ಜಾಗ ಬದಲಾದಂತೆಲ್ಲ ಮುಂದು ಮುಂದಕ್ಕೆ ಹೋಗುತ್ತಿದ್ದುವು. ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೂ ಇಂತಹುದೇ ಒಂದು ಕಿರುರೈಲು ಕಾಡನ್ನು ಸೀಳಿಕೊಂಡು ಓಡುತ್ತಿತ್ತು. ಅದರ ಕಂಬಿಗಳು ಈಗಿಲ್ಲ.

ಈ ದಾರಿಗಳಲ್ಲಿ ದುಡಿದವರ ಚರಿತ್ರೆಯನ್ನು ಬರೆದವರು ವಿರಳ. ಮರ ಕಡಿಯುವವರು, ಸೀಳುವವರು, ಬಂಡಿ ಹೊಡೆಯುವವರು, ಗೂಡು ಕಾಯುವವರು, ಗಣಿಯಲ್ಲಿ ಹಾರೆ ಹಿಡಿದವರು, ಇವರೆಲ್ಲ ಕಾಡಿನ ನಡುವೆ ಗುಡಿಸಲುಗಳಲ್ಲಿ ವಾಸಮಾಡಬೇಕಾಗಿತ್ತು. ಆ ಕಾಲದ ಮಲೆನಾಡಿನಲ್ಲಿ ಚಳಿಜ್ವರವು ಊರುಗಳನ್ನೇ ಬರಿದುಮಾಡುತ್ತಿದ್ದ ಪಿಡುಗು. ಬಯಲುಸೀಮೆಯಿಂದ ಕೂಲಿಗೆ ಹೋದವನು ಹಿಂದಿರುಗಿದರೆ ಪುಣ್ಯವೆನ್ನುವಂತಿತ್ತು. ಎರಡನೆಯ ಮಹಾಯುದ್ಧದ ತರುವಾಯ ಡಿ.ಡಿ.ಟಿ. ಸಿಂಪಡಿಸಿದ ಮೇಲೆಯೇ ಆ ಭಯವು ತಗ್ಗಿತು. ಭದ್ರಾವತಿಯ ಕಬ್ಬಿಣದಲ್ಲಿ ಮರದ ಋಣವಿರುವಂತೆ ಈ ಹೆಸರಿಲ್ಲದವರ ಋಣವೂ ಇದೆ.

ಉದ್ಯಮವಾದರೂ ಸುಖವಾಗಿ ಸಾಗಲಿಲ್ಲ. ಯುದ್ಧಕಾಲದ ಏರಿದ ಬೆಲೆಗಳನ್ನು ನೆಚ್ಚಿ ಯೋಜಿಸಿದ ಕಾರ್ಖಾನೆಯು ಆರಂಭವಾಗುವ ಹೊತ್ತಿಗೆ ಜಗತ್ತಿನಲ್ಲಿ ಕಬ್ಬಿಣದ ಬೆಲೆ ಕುಸಿದಿತ್ತು. ನಷ್ಟದ ಲೆಕ್ಕವನ್ನು ಮುಂದಿಟ್ಟು ಕಾರ್ಖಾನೆಯನ್ನು ಹಳಿದವರು ಅನೇಕರು. ವಿಶ್ವೇಶ್ವರಯ್ಯನವರೇ 1923ರಿಂದ 1929ರವರೆಗೆ ಅಧ್ಯಕ್ಷರಾಗಿದ್ದು ವೆಚ್ಚವನ್ನು ತಗ್ಗಿಸಿ, ಆಡಳಿತವನ್ನು ಬಿಗಿಮಾಡಿ ಅದನ್ನು ನಿಲ್ಲಿಸಿದರು. ಮರದ ಬಟ್ಟಿಗೆ ಬಂದ ಹೊಡೆತವು ಬೇರೆ ದಿಕ್ಕಿನಿಂದ ಬಂದಿತು. ಭದ್ರಾವತಿಯ ಕುಲುಮೆಯು ಹೊತ್ತಿಕೊಂಡ 1923ರಲ್ಲಿಯೇ ಜರ್ಮನಿಯ ಬಿ.ಎ.ಎಸ್.ಎಫ್. ಸಂಸ್ಥೆಯವರು ಮರದ ಮದ್ಯಸಾರವನ್ನು ಮರವಿಲ್ಲದೆ, ಅನಿಲಗಳಿಂದಲೇ ತಯಾರಿಸಲು ತೊಡಗಿದರು. ಹೊಗೆಯನ್ನು ಹಣಮಾಡುವ ಲೆಕ್ಕವು ಹುಟ್ಟಿದ ವರ್ಷದಲ್ಲಿಯೇ ಅದರ ಬೇರಿಗೆ ಬಿಸಿನೀರು ಬಿದ್ದಿತು. ಕಾಡು ಮಾತ್ರ ಕಡಿಯುವುದು ತಪ್ಪಲಿಲ್ಲ. ಕಬ್ಬಿಣಕ್ಕೆ ಇದ್ದಲು ಬೇಕೇ ಬೇಕಾಗಿತ್ತು. 1936ರಲ್ಲಿ ಉಕ್ಕಿನ ವಿಭಾಗವು ಸೇರಿತು. ಅದೇ ವರ್ಷ ಸ್ಥಾಪಿತವಾದ ಕಾಗದದ ಕಾರ್ಖಾನೆಯು ಬಿದಿರಿನ ಮೆಳೆಗಳ ಮೇಲೆ ಕಣ್ಣಿಟ್ಟಿತು.

ಕಾಡಿಗೆ ಬಿಡುವು ದೊರೆತುದು ನೀರಿನಿಂದ. ಶರಾವತಿಯ ಜೋಗದ ವಿದ್ಯುದಾಗಾರವು 1948ರಲ್ಲಿ ಪ್ರಾರಂಭವಾಯಿತು. ಕೆಲವು ವರ್ಷಗಳಲ್ಲಿ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಏರ್ಪಟ್ಟುವು. ಅದಿರನ್ನು ಕಾಯಿಸುವ ಕೆಲಸವನ್ನು ವಿದ್ಯುತ್ತು ವಹಿಸಿಕೊಂಡುದರಿಂದ, ಲೋಹವನ್ನು ಅದಿರಿನಿಂದ ಬೇರ್ಪಡಿಸುವಷ್ಟಕ್ಕೆ ಮಾತ್ರ ಇದ್ದಲು ಸಾಕಾಯಿತು. ಮೊದಲು ಇಂಧನವೂ ಸಾಧನವೂ ಆಗಿದ್ದ ಮರದ ಮೇಲಿನ ಹೊರೆ ಹೀಗೆ ಇಳಿಯಿತು. 1951ರಲ್ಲಿ ಜಾಗರ ಕಣಿವೆಯ ಒಂದು ಭಾಗವನ್ನು ವನ್ಯಮೃಗಗಳ ರಕ್ಷಿತಸ್ಥಾನವೆಂದು ಸಾರಲಾಯಿತು. 1960ರ ದಶಕದಲ್ಲಿ ಲಕ್ಕವಳ್ಳಿಯ ಅಣೆಕಟ್ಟಿನ ಹಿಂದೆ ನೀರು ನಿಂತು, ಕಣಿವೆಯ ತಗ್ಗಿನ ಕಾಡೂ ಊರುಗಳೂ ಮುಳುಗಿದುವು. 1974ರಲ್ಲಿ ಲಕ್ಕವಳ್ಳಿಯ ಕಾಡನ್ನೂ ಕೂಡಿಸಿ ಭದ್ರಾ ಅಭಯಾರಣ್ಯವಾಯಿತು; 1998ರಲ್ಲಿ ಅದೇ ಹುಲಿಗಳ ರಕ್ಷಿತಾರಣ್ಯವೆಂದು ಘೋಷಿತವಾಯಿತು. 2001–02ರ ಸುಮಾರಿಗೆ ಒಳಗಿದ್ದ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗಿನ ನೆಲಕ್ಕೆ ಬಂದು ನೆಲಸಿದುವು. ಕಾರ್ಖಾನೆಗಾಗಿ ಮರಗಳು ಊರನ್ನು ಬಿಟ್ಟ ಕಣಿವೆಯಲ್ಲಿ ಮರಗಳಿಗಾಗಿ ಮನುಷ್ಯರು ಊರನ್ನು ಬಿಟ್ಟರು. ಈ ಎರಡನೆಯ ತ್ಯಾಗವನ್ನು ಮರೆತು ಕಾಡಿನ ಸೊಬಗನ್ನು ಹೊಗಳುವುದು ನ್ಯಾಯವಾಗಲಾರದು.

ಕಾರ್ಖಾನೆಯ ಮುಂದಿನ ಗತಿಯನ್ನೂ ಹೇಳಬೇಕು. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಅದು 1989ರಲ್ಲಿ ಕೇಂದ್ರಸರ್ಕಾರದ ಉಕ್ಕು ಪ್ರಾಧಿಕಾರದ ಕೈಸೇರಿತು. ಕೆಮ್ಮಣ್ಣುಗುಂಡಿಯ ಗಣಿಯು ನಿಂತುಹೋಯಿತು. 2023ರ ಜನವರಿಯಲ್ಲಿ, ಮೊದಲ ಕಬ್ಬಿಣ ಹರಿದು ಸರಿಯಾಗಿ ನೂರು ವರ್ಷಗಳು ತುಂಬಿದ ತಿಂಗಳಿನಲ್ಲಿ, ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವು ಹೊರಬಿದ್ದಿತು, ಕಾರ್ಮಿಕರು ಬೀದಿಗಿಳಿದರು, ಕೆಲವು ತಿಂಗಳ ಮೇಲೆ ಕೆಲವು ವಿಭಾಗಗಳು ಮತ್ತೆ ಚಲಿಸಿದುವು. ಕಾಡು ಚೇತರಿಸಿಕೊಂಡಿತು, ಕಾರ್ಖಾನೆ ಬಳಲಿತು ಎಂದು ಇದನ್ನು ನೋಡಿ ಸಂತೋಷಪಡುವವರಿರಬಹುದು. ಆದರೆ ಒಂದು ಪಟ್ಟಣದ ಮೂರು ನಾಲ್ಕು ತಲೆಮಾರುಗಳು ಅದರ ಶಿಳ್ಳೆಯನ್ನು ಕೇಳಿ ಏಳುತ್ತಿದ್ದುವು, ಅದರ ಸಂಬಳದಿಂದ ಮಕ್ಕಳನ್ನು ಓದಿಸುತ್ತಿದ್ದುವು. ಉರಿದ ಕಾಡಿಗೆ ಪ್ರತಿಫಲವಾಗಿ ನಾಡಿಗೆ ಬಂದುದು ಅದೇ ಬದುಕು. ಆ ಬದುಕೂ ಕೈಬಿಡುವುದಾದರೆ ಕಾಡು ಉರಿದುದು ಯಾತಕ್ಕೆಂಬ ಪ್ರಶ್ನೆಯು ಮತ್ತಷ್ಟು ತೀಕ್ಷ್ಣವಾಗುತ್ತದೆ.

ಮಂಡ್ಯದ ನಾಡಿಗೆ ಈ ಪ್ರಶ್ನೆಯು ಪರಕೀಯವಲ್ಲ. 1911ರಲ್ಲಿ ಕನ್ನಂಬಾಡಿಯ ಕಟ್ಟೆಯನ್ನು ಆರಂಭಿಸಿದ ಕೈಯೇ ಭದ್ರಾವತಿಯ ಕುಲುಮೆಯನ್ನೂ ಯೋಜಿಸಿತು. ಒಂದರಿಂದ ಒಣನೆಲಕ್ಕೆ ನೀರು ಬಂದು 1933ರಲ್ಲಿ ಸಕ್ಕರೆಯ ಕಂಪನಿಯೂ ಹುಟ್ಟಿತು. ಮತ್ತೊಂದರಿಂದ ನಾಡಿಗೆ ಕಬ್ಬಿಣ ಬಂದಿತು. ಕಬ್ಬಿನ ಗದ್ದೆಯ ರೈತನು ಕನ್ನಂಬಾಡಿಯನ್ನು ಕೈಮುಗಿದು ನೆನೆಯುತ್ತಾನೆ. ಅದು ಯುಕ್ತವೇ. ಆದರೆ ಎರಡು ಯೋಜನೆಗಳಲ್ಲಿಯೂ ಯಾರೋ ಒಬ್ಬರ ನೆಲ ಮುಳುಗಿತು ಅಥವಾ ಉರಿಯಿತು ಎಂಬುದನ್ನೂ ಅವನು ನೆನೆಯಬೇಕಾದುದು ಅಷ್ಟೇ ಯುಕ್ತ. ಕೃಷ್ಣರಾಜಪೇಟೆಯ ಗದ್ದೆಗಳನ್ನು ತಣಿಸುವ ಹೇಮಾವತಿಯೂ ಚಿಕ್ಕಮಗಳೂರು ಸೀಮೆಯ ಮಲೆಯಲ್ಲಿಯೇ ಹುಟ್ಟಿದವಳು. ಮಲೆಯ ಮಣ್ಣನ್ನು ಬೇರುಗಳು ಹಿಡಿದಿರುವವರೆಗೆ ಬೇಸಗೆಯ ಹಳ್ಳಗಳು ಬತ್ತವು. ಬಯಲಿನವನ ಬೆಳೆಯು ಅವನು ಕಾಣದ ಕಾಡಿನೊಡನೆ ಕಟ್ಟುಬಿದ್ದಿದೆ.

ಇಂಧನದ ವಿಷಯದಲ್ಲಿ ಮಂಡ್ಯದ ಆಲೆಮನೆಯು ಒಂದು ಪಾಠವನ್ನು ಹೇಳುತ್ತದೆ. ಕೊಪ್ಪರಿಗೆಯ ಕೆಳಗೆ ಉರಿಯುವುದು ಅದೇ ಕಬ್ಬಿನ ಸಿಪ್ಪೆ. ರಸವೂ ಅದರದೇ, ಉರಿಯೂ ಅದರದೇ. ಮುಂದಿನ ವರ್ಷ ಗದ್ದೆಯು ಎರಡನ್ನೂ ಮತ್ತೆ ಕೊಡುತ್ತದೆ. ಭದ್ರಾವತಿಯ ಯೋಜಕರೂ ಕಾಡನ್ನು ಇಂತಹ ಗದ್ದೆಯೆಂದೇ ಎಣಿಸಿದ್ದರು: ಈ ವರ್ಷ ಒಂದು ಭಾಗವನ್ನು ಕಡಿಯುವುದು, ಬೊಡ್ಡೆಗಳು ಚಿಗುರುವಂತೆ ಬಿಡುವುದು, ಸರದಿಯು ತಿರುಗಿ ಬರುವ ಹೊತ್ತಿಗೆ ಮರ ಸಿದ್ಧವಾಗುವುದು. ಲೆಕ್ಕದಲ್ಲಿ ದೋಷವಿಲ್ಲ. ಆದರೆ ಕಬ್ಬು ಒಂದು ವರ್ಷದ ಪೈರು. ಮತ್ತಿಯೂ ಹೊನ್ನೆಯೂ ಮನುಷ್ಯನ ಆಯುಸ್ಸನ್ನು ಮೀರಿ ಬೆಳೆಯುವಂಥವು. ಕುಲುಮೆಯ ಹಸಿವು ದಿನದ ಲೆಕ್ಕದಲ್ಲಿತ್ತು, ಕಾಡಿನ ಬೆಳವಣಿಗೆ ತಲೆಮಾರಿನ ಲೆಕ್ಕದಲ್ಲಿತ್ತು. ಈ ಎರಡು ಲೆಕ್ಕಗಳ ನಡುವಿನ ಅಂತರವೇ ಭದ್ರಾ ಕಣಿವೆಯ ಚರಿತ್ರೆ.

ಇಂದಿನ ಕೆಮ್ಮಣ್ಣುಗುಂಡಿಯಲ್ಲಿ ತೋಟಗಾರಿಕೆ ಇಲಾಖೆಯ ಹೂದೋಟವೂ ರಾಜಭವನವೆಂಬ ಅತಿಥಿಗೃಹವೂ ಇವೆ. ಸಂಸಾರಗಳು ಬುತ್ತಿಯನ್ನು ಬಿಚ್ಚಿ ಕೂರುವುದಕ್ಕೆ ಹಸುರು ಹಾಸಿದ ಜಾಗಗಳಿವೆ. ಅಲ್ಲಿಂದ ಬೆಟ್ಟದ ಪಕ್ಕೆಯಲ್ಲಿ ಸಾಗುವ ಕಾಲುದಾರಿಯೊಂದು ಶಾಂತಿ ಜಲಪಾತವನ್ನು ಹಾದು ‘ಜಡ್’ ಪಾಯಿಂಟ್ ಎಂಬ ಕೊಡುಗಲ್ಲನ್ನು ಮುಟ್ಟುತ್ತದೆ. ಮಂಜು ತೆರೆದಾಗ ಕಣಿವೆಯೆಲ್ಲ ಕಣ್ಣ ಮುಂದೆ ಹರಡುತ್ತದೆ. ಕೆಳಗೆ ಹೆಬ್ಬೆಯ ಜಲಪಾತವು ಐನೂರು ಅಡಿಗೂ ಮೀರಿ, ದೊಡ್ಡ ಹೆಬ್ಬೆ ಚಿಕ್ಕ ಹೆಬ್ಬೆಯೆಂದು ಎರಡು ನೆಗೆತಗಳಲ್ಲಿ ಧುಮುಕುತ್ತದೆ. ವಿಹಾರಕ್ಕೆ ಬರುವವರ ಸಂಖ್ಯೆ ಹೆಚ್ಚಿದಂತೆ ಹೊಸದೊಂದು ಹೊರೆಯು ಬೆಟ್ಟಕ್ಕೆ ಬಂದಿದೆ. ಕೊಡಲಿಯು ಮರವನ್ನು ಕಡಿದರೂ ಬೊಡ್ಡೆಯನ್ನು ಉಳಿಸುತ್ತಿತ್ತು. ಪ್ಲಾಸ್ಟಿಕ್ ಸೀಸೆಯು ಹಳ್ಳದ ಮೂಲದಲ್ಲಿ ಸೇರಿದರೆ ಚಿಗುರುವುದಕ್ಕೂ ಎಡೆಯಿಲ್ಲ. ಅದಿರಿಗಾಗಿ ಬಂದವರಿಗೆ ನಾಡಿನ ಏಳಿಗೆಯೆಂಬ ನೆಪವಾದರೂ ಇತ್ತು.

ದೂರದ ಬೆಟ್ಟಕ್ಕೆ ಹೋಗಲಾರದವರಿಗೆ ಹತ್ತಿರದಲ್ಲಿಯೇ ಪಾಠವಿದೆ. ಮೇಲುಕೋಟೆ ಮತ್ತು ನಾರಾಯಣದುರ್ಗದ ಕುರುಚಲು ಕಾಡನ್ನು 1974ರಲ್ಲಿ, ಸುಮಾರು 50 ಚದರ ಕಿಲೋಮೀಟರುಗಳಷ್ಟು, ತೋಳಗಳ ರಕ್ಷಣೆಗಾಗಿ ಅಭಯಾರಣ್ಯವನ್ನಾಗಿ ಮಾಡಲಾಯಿತು. ಭದ್ರೆಯ ಕಾಡಿನ ವೈಭವ ಇದಕ್ಕಿಲ್ಲ. ಇಲ್ಲಿ ಕಡಿದುದು ಕಾರ್ಖಾನೆಯ ಯಂತ್ರವಲ್ಲ. ಊರಿನ ಒಲೆ, ಆಡಿನ ಬಾಯಿ, ಬೇಸಗೆಯ ಕಿಚ್ಚು. ಹೊರೆ ಸೌದೆಯು ಹೊರೆಯೇ. ಸಾವಿರ ಮನೆಗಳಿಂದ ದಿನವೂ ಹೊರಟರೆ ಅದೂ ಒಂದು ಊದುಕುಲುಮೆಗೆ ಸಮನಾಗುತ್ತದೆ. ಒಲೆಗೆ ಅನಿಲ ಬಂದು ಸೌದೆಯ ಹಸಿವು ಇಳಿದಿರುವ ಈ ದಿನಗಳಲ್ಲಿ ಆ ಗುಡ್ಡಗಳಿಗೂ ಭದ್ರೆಗೆ ದೊರೆತಂತಹ ಬಿಡುವು ದೊರೆಯಬಹುದು.

ಕೆಮ್ಮಣ್ಣುಗುಂಡಿಯ ತಪ್ಪಲಿನ ಕಾಡಿನಲ್ಲಿ ನಡೆಯುವವರು ಮರದ ತುದಿಯನ್ನಷ್ಟೇ ನೋಡದೆ ಬುಡವನ್ನೂ ನೋಡಬೇಕು. ಬೀಜದಿಂದ ಹುಟ್ಟಿದ ಮರಕ್ಕೆ ಸಾಮಾನ್ಯವಾಗಿ ಒಂದೇ ಕಾಂಡ. ಒಂದೇ ಬುಡದಿಂದ ಎರಡು ಮೂರು ಕಾಂಡಗಳು ಒತ್ತಾಗಿ ಎದ್ದಿದ್ದರೆ, ಎಂದೋ ಅದನ್ನು ಕಡಿದಿದ್ದರೆಂದೂ ಉಳಿದ ಬೊಡ್ಡೆಯು ಚಿಗುರಿತೆಂದೂ ತಿಳಿಯಬೇಕು. ಒಂದೇ ದಪ್ಪದ ಮರಗಳು ಸಾಲಾಗಿ ನಿಂತಿದ್ದರೆ ಅದು ಕಡಿದ ಮೇಲೆ ನೆಟ್ಟ ತೋಪು. ಕಾಡಿನ ನಡುವೆ ಏರಿಳಿತವಿಲ್ಲದೆ ಸಮವಾಗಿ ಸಾಗುವ ದಾರಿ ಸಿಕ್ಕಿದರೆ ಅದರ ಮೇಲೆ ಕಂಬಿಗಳಿದ್ದಿರಬಹುದು. ಶಾಸನವನ್ನು ಓದುವವನು ಕಲ್ಲಿನ ಮುಂದೆ ನಿಲ್ಲುವಂತೆ ಅಂತಹ ಬುಡದ ಮುಂದೆ ಒಂದು ಗಳಿಗೆ ನಿಂತರೆ ನಾಡಿನ ಇತಿಹಾಸದ ಒಂದು ಪುಟವು ತಾನಾಗಿ ತೆರೆಯುವುದು. ಮಕ್ಕಳನ್ನು ಕರೆದೊಯ್ದವರು ಅವರಿಗೂ ಆ ಪುಟವನ್ನು ಓದಿ ಹೇಳಿದರೆ ವಿಹಾರಕ್ಕೆ ಹೋದುದು ಸಾರ್ಥಕವಾಗುವುದು.